ಆಸ್ಲ್ಯಾನ್ ತರಗತಿಯ ‘ಟೆಕ್ಸ್ಟ್’, ‘ಗ್ಲಾಸ್’: ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಆಸ್ಟ್ರೇಲಿಯಾದ ಕಿವುಡ ಸಮುದಾಯದ ಸಂಜ್ಞಾಭಾಷೆ ಆಸ್ಲ್ಯಾನ್‌ಗೆ ಅಲ್ಲಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಜಾಗವಿದೆ. ಅದರ ತರಗತಿ ಚಟುವಟಿಕೆಗಳನ್ನು ಇಲ್ಲಿನ ಶಿಕ್ಷಕರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ‘ಟೆಕ್ಸ್ಟ್’ಗೆ ‘ಪಠ್ಯ’ ಎಂದರೆ ಎಲ್ಲರೂ ಪುಸ್ತಕ ಹುಡುಕುತ್ತಾರೆ. ‘ಗ್ಲಾಸ್’, ‘ಕನ್‌ಸ್ಟ್ರಕ್ಟೆಡ್ ಆಕ್ಷನ್’ ಇವಕ್ಕೂ ಪದ ಬೇಕು. ಬಲ್ಲವರು ತಿಳಿಸಿ.

ಉತ್ತರ: ಆಸ್ಲ್ಯಾನ್‌ಗೆ ದಿನಬಳಕೆಯ ಲಿಪಿಯಿಲ್ಲ. ಹಾಗಾಗಿ ಅಲ್ಲಿ ‘ಟೆಕ್ಸ್ಟ್’ ಎಂದರೆ ಎದುರಿಗೆ ನಿಂತು ಹೇಳಿದ ಕತೆ, ಸಂಭಾಷಣೆ ಅಥವಾ ವಿಡಿಯೊ. ಪದಪಟ್ಟಿಯಲ್ಲಿ ‘ಸಂಜ್ಞಾಪಠ್ಯ’ ಇರಲಿ. ಚಟುವಟಿಕೆಯ ಸೂಚನೆಯಲ್ಲಿ ಮಾತ್ರ ‘ವಿಡಿಯೊ ನೋಡಿ’ ಎಂದೇ ಬರೆಯಿರಿ. ‘ಓದಿ’, ‘ಆಲಿಸಿ’ ಎರಡೂ ಬೇಡ.

ಈ ‘ನೋಡಿ’ ಎಂಬುದರಲ್ಲೇ ಚಟುವಟಿಕೆಯ ಕ್ರಮ ಅಡಗಿದೆ. ಕಿವಿಗೊಟ್ಟು ಕೇಳುತ್ತ ಬರೆದುಕೊಳ್ಳಬಹುದು, ಸಂಜ್ಞೆ ನೋಡುತ್ತ ಬರೆಯಲಾಗದು. ಕಣ್ಣು ಹಾಳೆಗೆ ಇಳಿದಷ್ಟು ಹೊತ್ತು ಕತೆ ಕೈತಪ್ಪುತ್ತದೆ. ಅದಕ್ಕೇ ಪ್ರಶ್ನೆಗಳನ್ನು ಮೊದಲೇ ಕೊಟ್ಟು, ಪೆನ್ನು ಕೆಳಗಿಡಿಸಿ, ಒಂದು ನಿಮಿಷದ ತುಣುಕನ್ನು ಒಮ್ಮೆ ಪೂರ್ತಿ ತೋರಿಸಬೇಕು. ಎರಡನೇ ಸಲ ನಡುನಡುವೆ ನಿಲ್ಲಿಸಿ, ನಿಲ್ಲಿಸಿದಾಗಷ್ಟೇ ಬರೆಸಬೇಕು. ಸಬ್‌ಟೈಟಲ್ ಬಂದ್ ಮಾಡಿರಲಿ, ಇಲ್ಲದಿದ್ದರೆ ಮಕ್ಕಳು ಅದನ್ನೇ ಓದಿಕೊಂಡು ಉತ್ತರಿಸುತ್ತಾರೆ.

ಕತೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ಗೊತ್ತಾಗಿದೆಯೇ ಎಂದು ನೋಡಲು ಚಿತ್ರ ಬರೆಸುವುದುಂಟು. ಇಲ್ಲಿ ಆಗುವ ಎಡವಟ್ಟು ಒಂದೇ: ಸಂಜ್ಞೆ ಮಾಡುವವರ ಬಲ ನೋಡುವವರಿಗೆ ಎಡ. ಬಲಗಡೆ ಇಟ್ಟ ಮನೆ ಚಿತ್ರದಲ್ಲಿ ಎಡಕ್ಕೆ ಬರುತ್ತದೆ. ಮಕ್ಕಳನ್ನು ಶಿಕ್ಷಕರ ಪಕ್ಕದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ ನಿಲ್ಲಿಸಿ, ಮೇಜಿನ ಮೇಲೆ ಮರದ ತುಂಡುಗಳನ್ನು ಜೋಡಿಸಲು ಹೇಳಿದರೆ ಬೇಗ ಸರಿಹೋಗುತ್ತದೆ.

‘ಗ್ಲಾಸ್ ಬರೆಯಿರಿ’ ಎಂದರೆ ನಮ್ಮಲ್ಲಿ ಲೋಟವೇ ನೆನಪಾಗುವುದು. ಇಲ್ಲಿ ಅದು ಒಂದೊಂದು ಸಂಜ್ಞೆಗೂ ಗುರುತಾಗಿ ಬರೆದಿಡುವ ಪದ. ‘ಪದಗುರುತು’ ಆಗಬಹುದು. ಪದಕ್ಕಿಂತ ಅದನ್ನು ಬರೆಯುವ ಬಗೆ ಕಷ್ಟ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಗುರುತನ್ನು ಅನುವಾದದಿಂದ ಬೇರೆ ಮಾಡುತ್ತಾರೆ. ನಮಗೆ ದೊಡ್ಡಕ್ಷರವಿಲ್ಲ, ಚೌಕ ಆವರಣ ಬಳಸಿ. ವಿಭಕ್ತಿ, ಕಾಲ ಹಚ್ಚಬೇಡಿ. ‘ಶಾಲೆಗೆ ಹೋದಳು’ ಅನುವಾದ. [ಶಾಲೆ] [ಹೋಗು] ಗುರುತು. ‘ಕೊಡು’ವಿನಂಥ ಸಂಜ್ಞೆ ಕೊಡುವವರ ಕಡೆಯಿಂದ ಪಡೆಯುವವರ ಕಡೆಗೆ ಚಲಿಸುತ್ತದೆ, ಅಲ್ಲಿ [ಕೊಡು: ಎಡದಿಂದ ಬಲಕ್ಕೆ] ಎಂದು ದಿಕ್ಕನ್ನೂ ಬರೆಯಿರಿ. ಹುಬ್ಬನ್ನೂ ಬಿಡಬಾರದು: ಹೌದು-ಅಲ್ಲ ಪ್ರಶ್ನೆಗೆ ಹುಬ್ಬು ಏರುತ್ತದೆ, ಯಾರು-ಏಕೆ ಪ್ರಶ್ನೆಗೆ ಗಂಟಿಕ್ಕುತ್ತದೆ. ಪರದೆಯ ಕೆಳಭಾಗಕ್ಕೆ ರಟ್ಟು ಹಿಡಿದು ಮುಖವಷ್ಟೇ ತೋರಿಸಿ ‘ಇದು ಯಾವ ಬಗೆಯ ಪ್ರಶ್ನೆ?’ ಎಂದು ಕೇಳುವ ಆಟ ಚೆನ್ನಾಗಿ ನಡೆಯುತ್ತದೆ.

‘ಕನ್‌ಸ್ಟ್ರಕ್ಟೆಡ್ ಆಕ್ಷನ್’ ‘ರಚಿತ ಕ್ರಿಯೆ’ಯಾದರೆ ಏನೂ ಹೊಳೆಯದು. ‘ಅಭಿನಯ’ ಎಂದರೆ ಮೂಕಾಭಿನಯವೆಂದು ಮಕ್ಕಳು ಕುಣಿಯತೊಡಗುತ್ತಾರೆ. ಕತೆಗಾರ ನೋಟ, ಹೆಗಲು, ಮುಖಭಾವ ಬದಲಿಸಿ ಅಜ್ಜಿಯೋ ನಾಯಿಯೋ ಆಗುವುದು ಇದು. ‘ಪಾತ್ರವಾಗುವುದು’ ನನಗೆ ಒಪ್ಪಿಗೆ. ತೋರುಬೆರಳನ್ನು ನೆಟ್ಟಗೆ ಹಿಡಿದು ವ್ಯಕ್ತಿಯೊಬ್ಬ ನಡೆದುಬಂದದ್ದನ್ನು ತೋರುವುದು ಬೇರೆ, ಅದು ‘ಚಿತ್ರಕ ಸಂಜ್ಞೆ’. ಎರಡನ್ನೂ ಒಂದೇ ಪದದಲ್ಲಿ ಸೇರಿಸಬೇಡಿ.

‘ರೆಸ್ಪಾನ್ಸ್’ಗೆ ‘ಪ್ರತಿಕ್ರಿಯೆ’ ಸಾಕು. ಆದರೆ ಅದು ಸಂಜ್ಞೆಯಲ್ಲೇ ಬರಬೇಕೆಂದು ಸೂಚನೆಯಲ್ಲಿ ಸ್ಪಷ್ಟವಾಗಿರಲಿ. ಬರಹದಲ್ಲಿ ಕೇಳಿದರೆ ನೀವು ಅಳೆಯುವುದು ಕನ್ನಡವನ್ನು. ಮೊಬೈಲಿನಲ್ಲಿ ಚಿತ್ರೀಕರಿಸುವಾಗ ತಲೆಯ ಮೇಲೆ ಸ್ವಲ್ಪ ಜಾಗದಿಂದ ಸೊಂಟದವರೆಗೆ ಕಾಣಲಿ, ಬೆಳಕು ಎದುರಿನಿಂದ ಬೀಳಲಿ, ಚಿತ್ತಾರದ ಅಂಗಿ ಬೇಡ.

ಇನ್ನೊಂದು ಉತ್ತರ: ಹೆಸರು, ಪದಗಳ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಲ್ಲಿ ತೋರುವ ‘ಫಿಂಗರ್‌ಸ್ಪೆಲಿಂಗ್’ಗೆ ‘ಬೆರಳಕ್ಷರ’ ಎನ್ನಬಹುದು. ಆಸ್ಲ್ಯಾನ್‌ನಲ್ಲಿ ಇದು ಎರಡು ಕೈಯದು. ಎ, ಇ, ಐ, ಓ, ಯು ಐದೂ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದು ತುದಿಯಲ್ಲಿ ಕ್ರಮವಾಗಿ ಕೂತಿವೆ. ಒಂದೊಂದೇ ಅಕ್ಷರ ಹೆಕ್ಕುವ ಮಗು ಮೂರನೆಯದರಲ್ಲೇ ಹಿಂದೆ ಬೀಳುತ್ತದೆ. ಮೊದಲಕ್ಷರ, ಒಟ್ಟು ಚಲನೆ, ಸಂದರ್ಭ ನೋಡಿ ಊಹಿಸಲು ಕಲಿಸಿ; ‘ಅಕ್ಷರ ಗುರುತಿಸಿ’ ಬದಲು ‘ಹೆಸರು ಗುರುತಿಸಿ’ ಎಂದು ಬರೆಯಿರಿ.