ಟೈ ರಾಡ್ ಎಂಡ್ ಬದಲಿಸಿದ ಮೇಲೆ ತಿರುವಿನಲ್ಲಿ ‘ಟಕ್’ ಶಬ್ದ, ಸ್ಟಿಯರಿಂಗ್ ಎಡಕ್ಕೆ ವಾಲಿದೆ

ಬಟವಾಡಿ ನಿವಾಸಿ:

ನನ್ನ ಬಳಿ ಹಳೆಯ ಸ್ಯಾನ್ ಸ್ಟಾರ್ಮ್ ಕಾರು ಇದೆ. ಎರಡೇ ಸೀಟು, ಫೈಬರ್ ಮೈ, 1.2 ಲೀಟರ್ ರೆನೋ ಎಂಜಿನ್. ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ರಾಡಿನ ತುದಿಯ ಕೀಲುಗಳ, ಅಂದರೆ ಎರಡೂ ಟೈ ರಾಡ್ ಎಂಡ್‌ಗಳ ರಬ್ಬರ್ ಹರಿದಿತ್ತು. ಹೊಸದನ್ನು ಕಳೆದ ಭಾನುವಾರ ಮನೆಯಂಗಳದಲ್ಲಿ ನಾನೇ ಹಾಕಿದೆ. ಹಳೆಯದು ಎಡಬದಿಯಲ್ಲಿ 17 ಸುತ್ತು, ಬಲಬದಿಯಲ್ಲಿ 18 ಸುತ್ತು ತಿರುಗಿಸಿದಾಗ ಬಿಚ್ಚಿ ಬಂತು. ಹೊಸದನ್ನೂ ಅಷ್ಟೇ ಸುತ್ತು ಹತ್ತಿಸಿದೆ. ತುಕ್ಕು ಹಿಡಿಯದಿರಲಿ ಎಂದು ಟೇಪರ್ ಭಾಗಕ್ಕೆ, ಅಂದರೆ ತುದಿಯತ್ತ ಸಣ್ಣಗಾಗುವ ಕಡ್ಡಿಯ ಮೈಗೆ, ತೆಳುವಾಗಿ ಗ್ರೀಸ್ ಸವರಿದೆ. ಟಾರ್ಕ್ ರೆಂಚಿನಲ್ಲಿ 40 ನ್ಯೂಟನ್ ಮೀಟರಿಗೆ ಬಿಗಿದಾಗ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಹೊಂದಲಿಲ್ಲ. ನಟ್ಟನ್ನು ಸ್ವಲ್ಪ ಸಡಿಲಿಸಿ ಪಿನ್ ಹಾಕಿದೆ. ಕೊನೆಗೆ, ಎಂಡ್ ರಾಡಿನ ಮೇಲೆ ತಿರುಗದಂತೆ ಹಿಡಿಯುವ ಲಾಕ್ ನಟ್ ಬಿಗಿದೆ.

ದೇವರಾಯನದುರ್ಗ ಹತ್ತುವಾಗ ಪ್ರತಿ ತಿರುವಿನಲ್ಲೂ ಎಡಗಡೆಯಿಂದ ‘ಟಕ್’ ಎಂದು ಒಂದು ಸಲ ಕೇಳುತ್ತದೆ. ಕ್ಯಾತ್ಸಂದ್ರದ ಹೆದ್ದಾರಿಯಲ್ಲಿ ಗಾಡಿ ನೇರವಾಗಿ ಹೋಗುತ್ತಿದ್ದರೂ ಸ್ಟಿಯರಿಂಗ್ ಹೆಬ್ಬೆರಳಿನ ಅಗಲದಷ್ಟು ಎಡಕ್ಕೆ ವಾಲಿರುತ್ತದೆ. ಅಲೈನ್‌ಮೆಂಟ್ ಮಾಡಿಸಿದೆ, ಕಾಗದದಲ್ಲಿ ಎಲ್ಲವೂ ಸರಿ ಎಂದೇ ಬಂತು. ಎಲ್ಲಿ ತಪ್ಪಿದ್ದೇನೆ?

ಗುಬ್ಬಿ ಗೇಟ್ ಹುಡುಗ:

ಮೊದಲು ಶಬ್ದ ಟೈ ರಾಡಿನದೇ ಎಂದು ಖಚಿತಪಡಿಸಿಕೊಳ್ಳಿ. ಜಾಕ್ ಹಾಕಿ, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ. ಆಗ ಸಡಿಲ ಕಂಡರೆ ಟೈ ರಾಡ್ ಕಡೆ ನೋಡಿ. ಮೇಲೆ ಕೆಳಗೆ ಹಿಡಿದಾಗ ಮಾತ್ರ ಅಲ್ಲಾಡಿದರೆ ಕೆಳಗಿನ ಬಾಲ್ ಜಾಯಿಂಟ್ ಅಥವಾ ಬೇರಿಂಗ್.

ಅಂತರಸನಹಳ್ಳಿ ಲೇತ್:

ಚಕ್ರ ಅಲ್ಲಾಡಿಸಿ ನೋಡುವುದು ಒಳ್ಳೆಯದೇ. ಆದರೆ ನೀವು ಬರೆದ ವಿವರದಲ್ಲೇ ಮೂರು ತಪ್ಪು ನನಗೆ ಕಾಣುತ್ತಿದೆ. ಸರಿಪಡಿಸುವವರೆಗೆ ದಯವಿಟ್ಟು ದೇವರಾಯನದುರ್ಗದ ಕಡೆ ಗಾಡಿ ಒಯ್ಯಬೇಡಿ.

ಟೇಪರ್ ಎಂದರೆ ಏನು ಎಂದು ಲೇತಿನ ಮುಂದೆ 26 ವರ್ಷ ನಿಂತವನಾಗಿ ಹೇಳುತ್ತೇನೆ. ಲೇತಿನ ಹಿಂತುದಿಯ ಟೇಲ್‌ಸ್ಟಾಕಿನಲ್ಲಿ ಡ್ರಿಲ್ಲನ್ನು ಹಿಡಿಯಲು ಬೋಲ್ಟೂ ಇಲ್ಲ, ನಟ್ಟೂ ಇಲ್ಲ. ಒಣಗಿದ, ಶುಚಿಯಾದ ಎರಡು ಲೋಹದ ಮೈಗಳು ಒಂದಕ್ಕೊಂದು ಒತ್ತಿ ಕೂತರೆ ಸಾಕು, ಉಕ್ಕನ್ನು ಕೊರೆಯುವ ಬಲವನ್ನೂ ತಡೆದುಕೊಳ್ಳುತ್ತವೆ. ಟೈ ರಾಡ್ ಎಂಡಿನ ಟೇಪರ್ ಕೂರುವುದೂ ಹಾಗೆಯೇ. ನಟ್ ಅದನ್ನು ಸ್ಟಿಯರಿಂಗ್ ಆರ್ಮಿನ (ಚಕ್ರವನ್ನು ತಿರುಗಿಸುವ ತೋಳಿನ) ತೂತಿನೊಳಕ್ಕೆ ಎಳೆದು ಅಲ್ಲೇ ಒತ್ತಿ ಹಿಡಿಯಬೇಕು. ತಿರುವಿನಲ್ಲಿ ಬರುವ ಭಾರವನ್ನು ಹೊರುವುದು ಟೇಪರಿನ ಮೈ. ಅಲ್ಲಿ ಗ್ರೀಸ್ ಇದ್ದರೆ ಆ ಹಿಡಿತ ಬರುವುದಿಲ್ಲ. ನಟ್ ಹತ್ತುವ ಮರೆಗೆ (ಥ್ರೆಡ್ಡಿಗೆ) ಗ್ರೀಸ್ ತಾಗಿದ್ದರೆ ಟಾರ್ಕ್ ರೆಂಚಿನ ಅಂಕಿಯನ್ನೂ ನಂಬಲಾಗದು.

ಇನ್ನು ಪಿನ್ನಿನ ತೂತು. ಹೊಂದದಿದ್ದರೆ ನಟ್ಟನ್ನು ಮುಂದಿನ ಸೀಳಿನವರೆಗೆ ಬಿಗಿಯಬೇಕು. ಹಿಂದಕ್ಕೆ ತಿರುಗಿಸಲೇಬಾರದು. ಸಡಿಲಿಸಿದ ಕ್ಷಣವೇ 40 ಎನ್ನುವ ಲೆಕ್ಕ ಅಳಿಸಿಹೋಯಿತು; ಪಿನ್ ಇದ್ದರೂ ಅದು ನಟ್ ಬಿದ್ದುಹೋಗದಂತೆ ತಡೆಯುತ್ತದೆಯೇ ಹೊರತು ಟೇಪರನ್ನು ಒತ್ತಿ ಹಿಡಿಯುವುದಿಲ್ಲ. ಒಂದು ಬಾರಿಗೆ ಒಂದೇ ‘ಟಕ್’ ಬರುತ್ತಿರುವುದಕ್ಕೆ ಇದೇ ಕಾರಣವೆಂದು ನನ್ನ ಅಂದಾಜು.

ಬಿಚ್ಚುವಾಗ ಕವಲಿನ ಬೆಣೆ (ಪಿಕಲ್ ಫೋರ್ಕ್) ಇಟ್ಟು ಬಡಿಯಬೇಡಿ, ಹೊಸ ರಬ್ಬರ್ ಹರಿಯುತ್ತದೆ. ಒತ್ತಿ ಬಿಡಿಸುವ ಪುಲ್ಲರ್ ಬಳಸಿ. ಬಿಚ್ಚಿದ ಮೇಲೆ ಆರ್ಮಿನ ತೂತನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಬೆಳಕಿನಲ್ಲಿ ನೋಡಿ. ಟೇಪರಿಗೆ ಪ್ರಷ್ಯನ್ ಬ್ಲೂ (ಎಲ್ಲಿ ತಾಗುತ್ತದೆ ಎಂದು ತೋರಿಸುವ ನೀಲಿ ಬಣ್ಣ) ತೆಳುವಾಗಿ ಹಚ್ಚಿ, ಕೈಯಲ್ಲೇ ಒತ್ತಿ ತೆಗೆಯಿರಿ. ನೀಲಿ ಸುತ್ತಲೂ ಸಮವಾಗಿ ಹತ್ತಿದ್ದರೆ ಒಳ್ಳೆಯದು, ಬಣ್ಣವನ್ನು ಪೂರ್ತಿ ಒರೆಸಿ ಜೋಡಿಸಿ. ಒಂದೇ ಕಡೆ ಹತ್ತಿದ್ದರೆ ಸಡಿಲದಲ್ಲಿ ಓಡಿಸಿ ತೂತು ಮೊಟ್ಟೆಯಾಕಾರವಾಗಿರಬಹುದು. ಹಾಗಿದ್ದರೆ ಆರ್ಮ್ ಬದಲಿಸಬೇಕು. ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಮೂರನೆಯದು ಲಾಕ್ ನಟ್. ಅದನ್ನು ಬಿಗಿಯುವಾಗ ಎಂಡನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದಿದ್ದಿರಾ? ಹಿಡಿಯದಿದ್ದರೆ ಎಂಡ್ ನಟ್ಟಿನ ಜೊತೆಗೇ ತಿರುಗಿ ಒಂದು ಕಡೆಗೆ ವಾಲುತ್ತದೆ, ಒಳಗಿನ ಗೋಲಿ ತನ್ನ ಆಟದ ಅಂಚಿಗೆ ಹೋಗಿ ನಿಲ್ಲುತ್ತದೆ. ಪರೀಕ್ಷೆ ಸುಲಭ: ರಾಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಹೊರಳಿಸಿ. ಎರಡೂ ಕಡೆಗೆ ಸಮವಾಗಿ ಹೊರಳಬೇಕು.

ಬಟವಾಡಿ ನಿವಾಸಿ:

ಹಿರಿಯರೇ, ನಿನ್ನೆ ಸಂಜೆ ಎರಡೂ ಬದಿ ಬಿಚ್ಚಿದೆ. ಎಡಬದಿಯ ರಾಡ್ ಹಿಂದಕ್ಕೆ ಹೊರಳುತ್ತಲೇ ಇರಲಿಲ್ಲ, ನೀವು ಹೇಳಿದಂತೆ ಅಂಚಿಗೆ ನಿಂತಿತ್ತು. ತೂತಿನಲ್ಲಿ ನೀಲಿ ಸುತ್ತಲೂ ಹತ್ತಿದೆ, ಅಷ್ಟರಮಟ್ಟಿಗೆ ಬದುಕಿದೆ. ಒಣಗಿಸಿ ಜೋಡಿಸಿ, ಮುಂದಿನ ಸೀಳಿಗೆ ಬಿಗಿದು ಹೊಸ ಪಿನ್ ಹಾಕಿದೆ. ಲಾಕ್ ನಟ್ಟನ್ನು ಎರಡು ಸ್ಪ್ಯಾನರಿನಲ್ಲಿ ಬಿಗಿದೆ. ಬೆಳಿಗ್ಗೆ ಶಿರಾ ಗೇಟಿನವರೆಗೆ ನಿಧಾನವಾಗಿ ಹೋಗಿಬಂದೆ, ಶಬ್ದ ಇಲ್ಲ. ಸ್ಟಿಯರಿಂಗ್ ವಾಲಿರುವುದು ಮಾತ್ರ ಹಾಗೆಯೇ ಇದೆ.

ಅಂತರಸನಹಳ್ಳಿ ಲೇತ್:

ತೂತು ಉಳಿದದ್ದು ಕೇಳಿ ನೆಮ್ಮದಿಯಾಯಿತು. ಹಳೆಯ ಎಂಡಿಗೂ ಹೊಸದಕ್ಕೂ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರಬಹುದು. ಸುತ್ತಿನ ಲೆಕ್ಕ ಅಲೈನ್‌ಮೆಂಟ್ ಅಂಗಡಿಯವರೆಗೆ ಗಾಡಿ ಓಡಿಸಲು ಸಾಕು, ಅಷ್ಟೇ. ರಾಡಿನ ಮರೆಯ ಪಿಚ್ (ಒಂದು ಸುತ್ತಿಗೆ ಮುಂದೆ ಸರಿಯುವ ದೂರ) 1.5 ಮಿ.ಮೀ., ಸ್ಟಿಯರಿಂಗ್ ಆರ್ಮ್ ಸುಮಾರು 150 ಮಿ.ಮೀ. ಎಂದಿಟ್ಟುಕೊಳ್ಳಿ: 13 ಇಂಚಿನ ರಿಮ್ಮಿನಲ್ಲಿ ಒಂದು ಪೂರ್ತಿ ಸುತ್ತಿಗೆ ಆ ಚಕ್ರದ ಟೋ (ಮೇಲಿಂದ ನೋಡಿದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮೂರು ಮಿಲಿಮೀಟರಿಗೂ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಕಾಲು ಸುತ್ತಿನ ಲೆಕ್ಕದಲ್ಲೇ ಹೋಗಿ. ಒಂದು ಬದಿಯನ್ನು ಎಷ್ಟು ಉದ್ದ ಮಾಡುತ್ತೀರೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಿದರೆ ಒಟ್ಟು ಟೋ ಕೆಡದೆ ಸ್ಟಿಯರಿಂಗ್ ನಡುವಿಗೆ ಬರುತ್ತದೆ. ರಾಡ್ ತಿರುಗಿಸುವ ಮುನ್ನ, ಎರಡೂ ರಾಡನ್ನು ಎಡಬಲಕ್ಕೆ ಸರಿಸುವ ಸ್ಟಿಯರಿಂಗ್ ರ‍್ಯಾಕಿನ ರಬ್ಬರಿನ ಚಿಕ್ಕ ಕ್ಲಿಪ್ಪನ್ನು ಸಡಿಲಿಸಿ, ಇಲ್ಲದಿದ್ದರೆ ರಬ್ಬರ್ ಹಿಂಡಿದ ಬಟ್ಟೆಯಂತೆ ಸುತ್ತಿಕೊಳ್ಳುತ್ತದೆ.

ಅಂಗಡಿಯಲ್ಲಿ ಸ್ಟಿಯರಿಂಗನ್ನು ನೇರ ಮಾಡಿ ಕಟ್ಟಿದ ಮೇಲೆಯೇ ಅಳೆಯಲು ಹೇಳಿ. ಲಾಕ್ ನಟ್ ಬಿಗಿದಾದ ಮೇಲೆ ಇನ್ನೊಮ್ಮೆ ಅಳೆಸಿ, ಆ ಎರಡನೆಯ ಅಂಕಿಯನ್ನು ಇಲ್ಲಿ ಹಾಕಿ.