ಆರೈಕೆ ಸಿಬ್ಬಂದಿ ಒಬ್ಬರಿಗೊಬ್ಬರು ಆಸರೆಯಾಗುವುದು: ಡ್ಯೂಟಿ ನಡುವೆ ಹೇಗೆ?

ಪ್ರಶ್ನೆ:
ದೀರ್ಘಕಾಲದ ಆರೈಕೆ ಕೇಂದ್ರವೊಂದರಲ್ಲಿ ನರ್ಸಿಂಗ್ ಅಸಿಸ್ಟೆಂಟ್‌ಗಳ ಮೇಲ್ವಿಚಾರಣೆ ನನ್ನದು. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರೇ ಹೆಚ್ಚು. ಸಿಬ್ಬಂದಿಯಲ್ಲಿ ಸೊಂಟನೋವು, ಸಿಡುಕು, ದಿಢೀರ್ ರಜೆ ಜಾಸ್ತಿಯಾಗುತ್ತಿದೆ. ವಾರಕ್ಕೊಮ್ಮೆ ಒಂದು ಗಂಟೆ ಸಭೆ ಕರೆದರೆ ಯಾರೂ ಬಾಯಿ ಬಿಡುವುದಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1:
ಆ ಸಭೆ ಬಿಟ್ಟುಬಿಡಿ ಮೇಡಂ. ಮೇಲ್ವಿಚಾರಕರ ಎದುರು ಕೂತು ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ. ಹ್ಯಾಂಡೋವರ್ (ಒಂದು ಪಾಳಿಯವರು ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುವುದು) ಮುಗಿದ ಕೂಡಲೇ ಹತ್ತು ನಿಮಿಷ ಸಾಕು, ಆದರೆ ಅದು ಸಂಬಳದ ಸಮಯದೊಳಗೇ ಇರಬೇಕು. ಐದಾರು ಮಂದಿಗಿಂತ ಹೆಚ್ಚು ಬೇಡ. ನಡೆಸುವವರು ಅವರಲ್ಲೇ ಒಬ್ಬರಾಗಿರಲಿ, ತಿಂಗಳಿಗೊಮ್ಮೆ ಬದಲಾಗಲಿ.

ಮೂರೇ ಪ್ರಶ್ನೆ: ಇವತ್ತು ಯಾವ ಕೊಠಡಿಯ ಕೆಲಸ ಭಾರವಾಯಿತು? ನಾಳೆ ಅಲ್ಲಿಗೆ ಯಾರು ಜೊತೆ ಹೋಗುತ್ತೀರಿ? ಮೇಲಿನವರಿಗೆ ಏನು ತಿಳಿಸಬೇಕು? ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೀವಿ’ ಅಂದು ಸುಮ್ಮನಾಗುತ್ತಾರೆ. ಕೆಲಸದ ಬಗ್ಗೆ ಕೇಳಿದರೆ ಮನಸ್ಸಿನದೂ ತಾನಾಗಿ ಹೊರಗೆ ಬರುತ್ತದೆ. ಮೂರನೆಯ ಪ್ರಶ್ನೆಗೆ ಬಂದದ್ದಕ್ಕೆ ನೀವು ಒಂದು ವಾರದೊಳಗೆ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ, ಇಂಥ ಕಾರಣಕ್ಕೆ’ ಅಂತ ಹೇಳಲೇಬೇಕು. ಇಲ್ಲವಾದರೆ ಗುಂಪು ಅಲ್ಲಿಗೇ ಮುಗಿಯಿತು.

ವರ್ಷಗಟ್ಟಲೆ ನೋಡಿಕೊಂಡ ಹಿರಿಯರು ತೀರಿಕೊಂಡಾಗ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಬಾಯಿಬಿಡಿಸುವುದು ಬೇಡ. ಬಲವಂತದ ಮಾತು ಕೆಲವರಿಗೆ ಇನ್ನಷ್ಟು ಕಷ್ಟ. ಮಂಚ ತೆರವು ಮಾಡುವ ಮೊದಲು ಅವರನ್ನು ನೋಡಿಕೊಂಡವರಿಗೆ ಸ್ವಲ್ಪ ಬಿಡುವು ಕೊಡಿ. ರಜೆಯಲ್ಲಿರುವವರಿಗೆ ಫೋನ್ ಮಾಡಿ ತಿಳಿಸಿ. ಮಾರನೆಯ ದಿನ ಖಾಲಿ ಹಾಸಿಗೆ ನೋಡಿ ವಿಷಯ ತಿಳಿಯುವುದು ತೀರಾ ಕೆಟ್ಟದು.

ಉತ್ತರ 2:
ಮೇಲಿನದೆಲ್ಲ ಸರಿ, ಆದರೆ ಮಾತಿನಿಂದ ಸೊಂಟನೋವು ಹೋಗದು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲವಾಗಿದ್ದಾಗಲೂ ರೋಗಿಯ ಭಾರದಲ್ಲಿ ಒಬ್ಬರು ಕೈಯಲ್ಲಿ ಹೊರಬಹುದಾದ್ದು ಸುಮಾರು 16 ಕೆಜಿ. ಅಂದರೆ ದೊಡ್ಡವರನ್ನು ಇಬ್ಬರು ಸೇರಿ ಎತ್ತಿದರೂ ಮಿತಿ ಮೀರುತ್ತದೆ. ಎತ್ತಬೇಡಿ, ಜಾರಿಸಿ.

ಮೊದಲು ಮಂಚದ ಬ್ರೇಕ್ ಹಾಕಿ. ಇಬ್ಬರಲ್ಲಿ ಕುಳ್ಳಗಿರುವವರ ಸೊಂಟದ ಮಟ್ಟಕ್ಕೆ ಮಂಚ ಏರಿಸಿ. ಹಿರಿಯರನ್ನು ಮಗ್ಗುಲಾಗಿಸಿ, ಹೆಗಲಿನಿಂದ ತೊಡೆಯ ಮೇಲ್ಭಾಗದವರೆಗೆ ಸ್ಲೈಡ್ ಶೀಟ್ (ಸುಲಭವಾಗಿ ಜಾರುವ ನುಣುಪು ಬಟ್ಟೆ) ಹಾಸಿ. ಒಂದು ಕಾಲು ಮುಂದಿಟ್ಟು, ‘ಒಂದು, ಎರಡು, ಮೂರು’ ಎಂದು ಅವರಿಗೂ ಕೇಳುವಂತೆ ಹೇಳಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾ ಜಾರಿಸಿ. ಕೆಲಸವಾದ ಮೇಲೆ ಶೀಟ್ ತೆಗೆಯಲು ಮರೆತರೆ ಅವರು ಮಂಚದಿಂದ ಜಾರುತ್ತಾರೆ. ಕಂಕುಳಲ್ಲಿ ಕೈಹಾಕಿ ಎಳೆಯುವ ಅಭ್ಯಾಸ ನಿಲ್ಲಿಸಿ, ಪಾರ್ಶ್ವವಾಯು ಆದವರ ಭುಜ ಕೀಲು ತಪ್ಪಬಹುದು. ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಇದ್ಯಾವುದೂ ಬೇಡ ಎನ್ನುವವರ ಮಾತು ಕೇಳಬೇಡಿ.

ಉತ್ತರ 3:
ಕೈಯ ಚರ್ಮವನ್ನು ಎಲ್ಲರೂ ಮರೆಯುತ್ತಾರೆ. ಕಣ್ಣಿಗೆ ಕಾಣುವ ಕೊಳೆ ಇಲ್ಲದಾಗ ಸೋಪಿಗಿಂತ ಸ್ಯಾನಿಟೈಸರ್ ಚರ್ಮಕ್ಕೆ ವಾಸಿ, 20–30 ಸೆಕೆಂಡ್ ಉಜ್ಜಬೇಕು. ಭೇದಿಯಾದವರ ಕೆಲಸ ಮಾಡಿದ್ದರೆ ಮಾತ್ರ ಸೋಪು, ನೀರೇ ಆಗಬೇಕು. ಒದ್ದೆ ಕೈಗೆ ಗ್ಲೌಸ್ ಹಾಕುವುದೇ ಬಿರುಕು, ತುರಿಕೆಗೆ ದೊಡ್ಡ ಕಾರಣ. ರಾತ್ರಿ ಪಾಳಿಯಲ್ಲಿ ಸರದಿಯಂತೆ 20 ನಿಮಿಷ ನಿದ್ದೆಗೆ ಬಿಡಿ. ಎದ್ದ ಕೂಡಲೇ ಯಾರನ್ನೂ ವೀಲ್‌ಚೇರ್‌ಗೆ ವರ್ಗಾಯಿಸುವ ಕೆಲಸ ಕೊಡಬೇಡಿ, ಮಂಪರು ಇಳಿಯಲು ಸ್ವಲ್ಪ ಹೊತ್ತು ಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಗುಂಪಿನಲ್ಲಿ ಆಡಿದ ಮಾತು ಹೊರಗೆ ಹೋಗದಂತೆ ಏನು ಮಾಡುವುದು? ವಾಟ್ಸ್ಆ್ಯಪ್ ಗುಂಪು ಮಾಡಬಹುದೇ?

ಉತ್ತರ 1:
ಪಾಳಿ ಅದಲುಬದಲಿಗೆ ವಾಟ್ಸ್ಆ್ಯಪ್ ಸಾಕು. ಹಿರಿಯರ ಹೆಸರು, ಕೊಠಡಿ ಸಂಖ್ಯೆ, ಫೋಟೋ ಅಲ್ಲಿ ಬರಕೂಡದು. ಗುಂಪಿನ ಮಾತು ಗುಂಪಿನಲ್ಲೇ ಉಳಿಯುತ್ತದೆ ಎಂದು ಹೇಳುವಾಗ ಮೂರು ಅಪವಾದಗಳನ್ನೂ ಮೊದಲ ದಿನವೇ ಹೇಳಿಬಿಡಿ: ಯಾರಾದರೂ ಜೀವ ಕಳೆದುಕೊಳ್ಳುವ ಮಾತಾಡಿದರೆ, ಹಿರಿಯರ ಮೇಲೆ ಕೈಮಾಡಿದ್ದು ತಿಳಿದರೆ, ಕೆಲಸ ಮಾಡುವ ಸ್ಥಿತಿಯಲ್ಲಿ ಇಲ್ಲದವರು ಡ್ಯೂಟಿಗೆ ಬಂದಿದ್ದರೆ. ಮೊದಲನೆಯದಾದರೆ ಅವರನ್ನು ಒಬ್ಬರನ್ನೇ ಬಿಡದೆ ಆಗಲೇ ವೈದ್ಯರ ಬಳಿ ಕರೆದೊಯ್ಯಬೇಕು.

ಮರೆವಿನ ಕಾಯಿಲೆಯವರು ಹೊಡೆದದ್ದು, ಪರಚಿದ್ದು ಗುಂಪಿನಲ್ಲಿ ಹೇಳಿ ಹಗುರಾದರೆ ಸಾಲದು, ರಿಜಿಸ್ಟರ್‌ನಲ್ಲೂ ಬರೆಯಿರಿ: ಎಷ್ಟು ಹೊತ್ತಿಗೆ, ಏನು ಮಾಡಿಸುವಾಗ, ಸುತ್ತ ಎಷ್ಟು ಗದ್ದಲವಿತ್ತು. ಅದೇ ಸ್ನಾನದ ಹೊತ್ತಿನಲ್ಲೇ ಮತ್ತೆ ಮತ್ತೆ ಬಂದಿದ್ದರೆ ಸ್ನಾನದ ಸಮಯ ಬದಲಿಸಿ ನೋಡಿ. ನೋವಿಗೂ ಹೀಗಾಗುತ್ತದೆ, ನರ್ಸ್ ಒಮ್ಮೆ ಪರೀಕ್ಷಿಸಲಿ.