ಸಹಾಯ ಬೇಕು: ಚಿತ್ರ ಬಿಡಿಸಲು ಬಾರದ ಕ್ಲೋನ್‌ಗೆ ಬೆಲೆ ಇಲ್ಲವಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಕಜುವೊ ಇಶಿಗುರೊ ಅವರ 2005ರ ಕಾದಂಬರಿ ‘ನೆವರ್ ಲೆಟ್ ಮಿ ಗೋ’ ಬಗ್ಗೆ ಸೆಮಿನಾರ್ ಪೇಪರ್ ಬರೆಯಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಓದದವರಿಗೆ ಚುಟುಕಾಗಿ: ಅಂಗಾಂಗ ಕೊಡುವುದಕ್ಕೆಂದೇ ಹುಟ್ಟಿಸಿದ ಕ್ಲೋನ್ ಮಕ್ಕಳ (ಇನ್ನೊಬ್ಬರ ಜೀನ್‌ಗಳ ನಕಲಾಗಿ ಹುಟ್ಟಿದವರ) ಕಥೆ ಇದು. ಹೇಲ್ಶಮ್ ಶಾಲೆಯಲ್ಲಿ ಅವರು ಬಿಡಿಸಿದ ಒಳ್ಳೆಯ ಚಿತ್ರಗಳನ್ನು ಮೇಡಂ ಒಬ್ಬರು ತೆಗೆದುಕೊಂಡು ಹೋಗುತ್ತಾರೆ. ಈ ಮಕ್ಕಳಿಗೂ ಆತ್ಮವಿದೆ ಎಂದು ತೋರಿಸಲು ಹಾಗೆ ಮಾಡಿದೆವು ಎಂದು ಕೊನೆಯಲ್ಲಿ ಶಾಲೆಯ ಮುಖ್ಯಸ್ಥೆ ಮಿಸ್ ಎಮಿಲಿ ಹೇಳುತ್ತಾರೆ.

ನನ್ನ ತಲೆನೋವು ಇಲ್ಲೇ. ಚಿಕ್ಕಂದಿನಲ್ಲಿ ಆ ಶಾಲೆಯ ಹುಡುಗ ಟಾಮಿಗೆ ಚಿತ್ರ ಬರುತ್ತಿರಲಿಲ್ಲ, ಎಲ್ಲರೂ ರೇಗಿಸುತ್ತಿದ್ದರು. ಹಾಗಾದರೆ ಅವನಿಗೆ ಆತ್ಮವಿಲ್ಲವಾ? (ನನಗೂ ಒಂದು ಮಾವಿನಕಾಯಿ ನೆಟ್ಟಗೆ ಬಿಡಿಸಲು ಬರುವುದಿಲ್ಲ!) ಪುರಾವೆ ಕೇಳುವುದೇ ಅವಮಾನ ಅಲ್ವಾ?

ನಮ್ಮ ಮೇಷ್ಟ್ರನ್ನು ಕೇಳಿದೆ. ‘ಕಲೆಯೇ ಮನುಷ್ಯತ್ವದ ಗುರುತು ಅಂತ ಬರೀರಿ’ ಎಂದರು. ಮನಸ್ಸು ಒಪ್ಪಲಿಲ್ಲ. ಬಯಾಲಜಿ ಓದುವ ರೂಮ್‌ಮೇಟ್ 1996ರಲ್ಲಿ ಕ್ಲೋನ್ ಆಗಿ ಹುಟ್ಟಿದ ಡಾಲಿ ಕುರಿಯಿಂದ ಶುರು ಮಾಡಿ, ತದ್ರೂಪಿ ಅವಳಿಗಳ ಹಾಗೆ ಜೀನ್ ಒಂದೇ ಆದರೂ ಕ್ಲೋನ್ ಬೇರೆಯೇ ಜೀವ ಎಂದು ವಿವರಿಸಿದಳು. ಸರಿ, ಆದರೆ ಬೆಲೆಯ ಪ್ರಶ್ನೆ ಹಾಗೇ ಉಳಿಯಿತು.

ಕಥೆ ಹೇಳುವ ಕ್ಯಾಥಿ ಹೇಲ್ಶಮ್‌ನಲ್ಲೇ ಬೆಳೆದವಳು, ದೊಡ್ಡವಳಾದ ಮೇಲೆ ಅಂಗಾಂಗ ಕೊಡುವ ಕ್ಲೋನ್‌ಗಳ ಆರೈಕೆ ಮಾಡುತ್ತಾಳೆ. ಬೇರೆ ಕಡೆ ಬೆಳೆದ ಅಂಥ ಒಬ್ಬ ದಾನಿ ಸಾಯುವ ಮುಂಚೆ ಅವಳಿಂದ ಹೇಲ್ಶಮ್ ಕಥೆಗಳನ್ನು ಮತ್ತೆ ಮತ್ತೆ ಕೇಳುತ್ತಾನೆ. ಆ ಬಾಲ್ಯವನ್ನೇ ತನ್ನದು ಮಾಡಿಕೊಳ್ಳಲು ನೋಡುತ್ತಾನೆ. ನನಗೆ ಚಿತ್ರಗಳಿಗಿಂತ ಇದೇ ಜಾಸ್ತಿ ತಟ್ಟಿತು.

ಈಗ ಪ್ರಶ್ನೆ: ಈ ಪ್ರಸಂಗ ಮತ್ತು ಕ್ಯಾಥಿಯ ಆರೈಕೆ ಕೆಲಸ ಹಿಡಿದು, ‘ಬೆಲೆಗೆ ಪುರಾವೆ ಬೇಕಿಲ್ಲ’ ಎಂದು ಕಾದಂಬರಿಯೇ ಹೇಳುತ್ತದೆ ಅಂತ ವಾದಿಸಬಹುದಾ? ಓದಿದವರು, ಈ ವಾದಕ್ಕೆ ಅಡ್ಡ ಬರುವ ಭಾಗ ಯಾವುದು ಎಂದೂ ತಿಳಿಸಿ.